ಚೀಲಕ್ಕೆ 12 ಇಂಚೋ, ಕಣ್ಣಿಗೆ 14 ಇಂಚೋ?

ಓಡಾಟ ಹೆಚ್ಚು, ಬರೆಯುವುದು ಕನ್ನಡದಲ್ಲಿ, ಕೈಯಲ್ಲಿರುವ ದುಡ್ಡು ಒಂದೇ ಲ್ಯಾಪ್‌ಟಾಪಿಗೆ ಸಾಕಾಗುವಷ್ಟು. ಇಂಥವರು 12 ಇಂಚಿನ ಆಸುಪಾಸಿನದನ್ನು ಕೊಳ್ಳುವುದು ಸರಿಯೇ? 15.6 ಇಂಚಿನದನ್ನು ಈ ಚರ್ಚೆಗೆ ಎಳೆದು ತಂದಿಲ್ಲ. ಅದನ್ನು ಹೊತ್ತು ಊರೂರು ತಿರುಗಬಾರದೆಂಬುದರಲ್ಲಿ ಇಲ್ಲಿ ಬರೆದ ಇಬ್ಬರದೂ ಒಂದೇ ಮಾತು. ಪರವಾಗಿ ಬರೆದವರು ಜಿಲ್ಲೆ ಜಿಲ್ಲೆ ಸುತ್ತುವ ವರದಿಗಾರ್ತಿ. ವಿರೋಧವಾಗಿ ಬರೆದವರು ಇಪ್ಪತ್ತು ಚಿಲ್ಲರೆ ವರ್ಷ ಕರಡು ತಿದ್ದಿದ ಹಿರಿಯರು. ಈ ವರದಿಗಾರ್ತಿಯ ಬರಹಗಳನ್ನೂ ತಿದ್ದಿದವರು.

ಪರ: ತೆರೆಯಲು ಜಾಗವಿದ್ದರೆ ತಾನೆ ಬರೆಯುವುದು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಗಲು ಬಸ್ಸಿನಲ್ಲಿ ಹೊರಟರೆ ತುಮಕೂರು ದಾಟುವಷ್ಟರಲ್ಲಿ ಮುಂದಿನ ಸೀಟಿನವರು ಬೆನ್ನು ಹಿಂದಕ್ಕೆ ಬಿಡುತ್ತಾರೆ. ತಪ್ಪು ಅವರದಲ್ಲ, ಒರಗುವ ಸೀಟಿಗೆಂದೇ ದುಡ್ಡು ಕೊಟ್ಟಿದ್ದಾರೆ. ಆದರೆ ಆ ಹೊತ್ತಿಗೆ ನನ್ನ ಹಳೆಯ 14 ಇಂಚಿನ ಲ್ಯಾಪ್‌ಟಾಪಿನ ಪರದೆ, ಅವರ ಬೆನ್ನಿಗೂ ನನ್ನ ಹೊಟ್ಟೆಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಾಗುತ್ತಿತ್ತು. ನನ್ನ ಕಡೆ ಬಗ್ಗಿಸಿದರೆ ಅಕ್ಷರ ಕಾಣದು, ಹಿಂದಕ್ಕೆ ತಳ್ಳಿದರೆ ಸೀಟು ಬಿಡದು. ಚಿತ್ರದುರ್ಗದವರೆಗೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹೇಗೋ ಬರೆಯುತ್ತಿದ್ದೆ. ದಾವಣಗೆರೆ ಬರುವಷ್ಟರಲ್ಲಿ ಮುಚ್ಚಿ ಚೀಲಕ್ಕೆ ಹಾಕಿ, ಉಳಿದದ್ದನ್ನು ಫೋನಿನಲ್ಲಿ ಹೆಬ್ಬೆರಳಿನಿಂದ ಕುಟ್ಟುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಅಂದರೆ ಮೂರು ವರ್ಷ ನಾನು ಹೊತ್ತದ್ದು ಲ್ಯಾಪ್‌ಟಾಪು, ಬರೆದದ್ದು ಫೋನಿನಲ್ಲಿ.

ಈಗ ಇರುವುದು 12.4 ಇಂಚಿನದು. ಕೊಳ್ಳುವಾಗ ಅಂಗಡಿಯ ಹುಡುಗ, "ಮೇಡಂ, ಅದು ಸ್ಕೂಲ್ ಮಕ್ಕಳಿಗೆ ಸರಿ, ನಿಮಗೆ 14 ತೋರಿಸ್ತೀನಿ" ಎಂದ. ನಾನು ಚೀಲದಿಂದ ದರ್ಜಿಯ ಟೇಪು ತೆಗೆದೆ. ಅವನು ನಕ್ಕ. ಕಾರು ಕೊಳ್ಳಲು ಹೋದವರು ಮನೆಯ ಗೇಟಿನ ಅಗಲ ನೋಡಿಕೊಂಡು ಹೋಗುತ್ತಾರೆ, ಲ್ಯಾಪ್‌ಟಾಪಿಗೆ ಮಾತ್ರ ಯಾರೂ ಅಳತೆ ಮಾಡುವುದಿಲ್ಲ. ಡಬ್ಬದ ಮೇಲೆ ಬರೆದ ಇಂಚನ್ನೇ ನಂಬುತ್ತಾರೆ.

ಆ ಇಂಚು ಹೇಳುವುದು ಬಹಳ ಕಡಿಮೆ. ಅದು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಕರ್ಣದ ಉದ್ದ, ಅಷ್ಟೆ. ಪರದೆ ಎಷ್ಟು ಎತ್ತರ, ಎಷ್ಟು ಅಗಲ ಎನ್ನುವುದು ಅದರಿಂದ ಗೊತ್ತಾಗುವುದಿಲ್ಲ. 14 ಇಂಚಿನ ಪರದೆ ಸಿನಿಮಾ ಆಕಾರದ 16:9ರದ್ದಾಗಿದ್ದರೆ (ಅಗಲ 16 ಪಾಲಾದರೆ ಎತ್ತರ 9 ಪಾಲು) ಅದರ ಎತ್ತರ ಸುಮಾರು 17.4 ಸೆಂ.ಮೀ. ನನ್ನ 12.4 ಇಂಚಿನದು 3:2ರ ಆಕಾರದ್ದು, ಹಾಳೆಯ ಹಾಗೆ. ಅದರ ಎತ್ತರ 17.5 ಸೆಂ.ಮೀ. ಬರೆಯುವವರಿಗೆ ಬೇಕಾದದ್ದು ಎತ್ತರ, ಅಗಲವಲ್ಲ. ಅಗಲ ಸಿಕ್ಕರೆ ಎರಡು ಪಕ್ಕದಲ್ಲೂ ಬಿಳಿ ಜಾಗ ಸಿಗುತ್ತದೆ, ಸಾಲು ಸಿಗುವುದಿಲ್ಲ. ಹಾಗಾಗಿ ಕಳೆದ ಹತ್ತು ಹದಿನೈದು ವರ್ಷ ಎಲ್ಲರೂ ಕೊಂಡ 16:9ರ 14 ಇಂಚಿಗೆ ಹೋಲಿಸಿದರೆ ನಾನು ಕಳೆದುಕೊಂಡದ್ದು ಬರೀ ಅಂಚಿನ ಬಿಳಿ.

ಗಳಿಸಿದ್ದು ಮೈ ಅಳತೆಯಲ್ಲಿ. 14 ಇಂಚಿನ ತೆಳು ಲ್ಯಾಪ್‌ಟಾಪುಗಳ ಮೈ ಸಾಮಾನ್ಯವಾಗಿ 31ರಿಂದ 32 ಸೆಂ.ಮೀ. ಅಗಲ, 22 ಸೆಂ.ಮೀ. ಆಳ. ನನ್ನದು 27.8 ಅಗಲ, 20.6 ಆಳ. ಆಳದಲ್ಲಿ ಎರಡು ಸೆಂ.ಮೀ. ಕೂಡ ವ್ಯತ್ಯಾಸವಿಲ್ಲ ಎಂದು ಮೇಜಿನ ಮುಂದೆ ಕುಳಿತವರು ಹೇಳಬಹುದು. ಮುಂದಿನ ಸೀಟು ಒರಗಿದ ಮೇಲೆ ಉಳಿಯುವ ಜಾಗದಲ್ಲಿ ಪರದೆ ಬಿಚ್ಚುತ್ತದೋ ಇಲ್ಲವೋ ಎಂಬುದು ಆ ಒಂದೂವರೆ ಸೆಂ.ಮೀ. ಮೇಲೇ ನಿಂತಿದೆ. ಅಗಲದಲ್ಲಿ ಉಳಿದ ನಾಲ್ಕು ಸೆಂ.ಮೀ.ಯಿಂದ ಪಕ್ಕದಲ್ಲಿ ಕುಳಿತ ಅಜ್ಜಿಯ ಮೊಣಕೈಗೆ ನನ್ನ ಮೊಣಕೈ ತಾಗುವುದು ನಿಂತಿದೆ. ಅಳತೆ ಬೇಡವೆಂದರೆ ಒಂದು ಎ4 ಹಾಳೆ ಸಾಕು: 29.7ಕ್ಕೆ 21 ಸೆಂ.ಮೀ. ಆ ಹಾಳೆಯ ಮೇಲಿಟ್ಟರೆ ಹೊರಗೆ ಚಾಚದ ಲ್ಯಾಪ್‌ಟಾಪು ಮಾತ್ರ ಬಸ್ಸಿನಲ್ಲಿ ಬಳಕೆಗೆ ಬರುತ್ತದೆ. 2015ರಲ್ಲಿ ಬಂದ 12 ಇಂಚಿನ ಮ್ಯಾಕ್‌ಬುಕ್ ಹಾಗೆ ಕೂರುತ್ತಿತ್ತು. ತೂಕ 920 ಗ್ರಾಂ. ನನ್ನದೂ ಕೂರುತ್ತದೆ. 14 ಇಂಚಿನದು ಯಾವುದೂ ಕೂರುವುದಿಲ್ಲ.

ಬಸ್ಸನ್ನು ಬಿಡಿ. ನನ್ನ ಕೆಲಸದ ಹೆಚ್ಚು ಪಾಲು ನಡೆಯುವುದು ಜನರ ಮನೆಯ ಜಗುಲಿಯಲ್ಲಿ. ಉತ್ತರ ಕನ್ನಡದ ಒಂದು ಹಳ್ಳಿಯಲ್ಲಿ ವಯಸ್ಸಾದ ಭಾಗವತರೊಬ್ಬರನ್ನು ಮಾತಾಡಿಸಲು ಹೋಗಿದ್ದೆ. ಹಳೆಯ ಲ್ಯಾಪ್‌ಟಾಪ್ ತೆರೆದು ಟೈಪಿಸಲು ಶುರು ಮಾಡಿದ ಐದು ನಿಮಿಷಕ್ಕೆ ಅವರು ಮಾತು ನಿಲ್ಲಿಸಿ, "ತಂಗಿ, ನಡುವೆ ಎಂತಕ್ಕೆ ಗೋಡೆ ಕಟ್ಟಿದ್ದು?" ಎಂದರು. ಅವರಿಗೆ ಕಾಣುತ್ತಿದ್ದದ್ದು ನನ್ನ ಹಣೆ ಮತ್ತು ಒಂದು ಕಪ್ಪು ಮುಚ್ಚಳ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಮಡಿಲ ಮೇಲಿನ ಪರದೆ ಎದೆಯವರೆಗೆ ಬರುತ್ತದೆ. ಚಿಕ್ಕದರಲ್ಲಿ ಮುಚ್ಚಳ ಒಂದೆರಡು ಬೆರಳು ಕೆಳಗಿರುತ್ತದೆ, ಅಗಲವೂ ಕಡಿಮೆ, ಮುಖ ಕಾಣುತ್ತದೆ. ಸಣ್ಣ ವಿಷಯ ಅನಿಸಬಹುದು. ಎದುರಿನವರು ಪದ ಹಾಡಿ ತೋರಿಸುವುದಕ್ಕೂ ಬರೀ ಹೌದು ಅಲ್ಲ ಎಂದು ಉತ್ತರಿಸುವುದಕ್ಕೂ ಇರುವ ಅಂತರ ಇಂಥಲ್ಲೇ ಹುಟ್ಟುತ್ತದೆ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತು.

ಮಳೆಗಾಲದ ಮಲೆನಾಡಿನಲ್ಲಿ ಕರೆಂಟಿನ ಪಾಡು ಗೊತ್ತೇ ಇದೆ. ಚಿಕ್ಕ ಲ್ಯಾಪ್‌ಟಾಪಿನ ಬ್ಯಾಟರಿ 40 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿಯ ಅಳತೆ) ಆಸುಪಾಸಿನದು. ಬ್ಯಾಟರಿ ಚಿಕ್ಕದಾದರೆ ಬೇಗ ಮುಗಿಯುತ್ತದೆ ಎನ್ನುತ್ತಾರೆ. ಪರದೆಯೂ ಚಿಕ್ಕದು, ಅದು ಕುಡಿಯುವ ಕರೆಂಟೂ ಕಡಿಮೆ ಎನ್ನುವುದನ್ನು ಮರೆಯುತ್ತಾರೆ. ಲೆಕ್ಕ ಹಾಕಿ: 20,000 ಎಂಎಎಚ್‌ನ ಪವರ್ ಬ್ಯಾಂಕ್ ಎಂದರೆ 74 ವ್ಯಾಟ್-ಅವರ್. ಸಿ ಟೈಪ್ ಕೇಬಲ್‌ನಲ್ಲಿ ಚಾರ್ಜ್ ಆಗುವ ಲ್ಯಾಪ್‌ಟಾಪಾದರೆ, ಮತ್ತು ಆ ಪವರ್ ಬ್ಯಾಂಕಿಗೆ ಲ್ಯಾಪ್‌ಟಾಪ್ ನಡೆಸುವ ಶಕ್ತಿ ಇದ್ದರೆ, ಸೋರಿಕೆಯೆಲ್ಲ ಕಳೆದರೂ ನನ್ನದನ್ನು ಒಂದು ಸಲ ಪೂರ್ತಿ ತುಂಬಿಸಿ ಫೋನಿಗೂ ಮಿಗುತ್ತದೆ. ವಿಮಾನದಲ್ಲಿ ಕೈಚೀಲದ ಬ್ಯಾಟರಿಗೆ ಇರುವ 100 ವ್ಯಾಟ್-ಅವರ್ ಮಿತಿಯೊಳಗೂ ಇದೆ. 14 ಇಂಚಿನ 55, 60 ವ್ಯಾಟ್-ಅವರ್ ಬ್ಯಾಟರಿಯನ್ನು ಅದೇ ಪವರ್ ಬ್ಯಾಂಕ್ ಒಂದು ಸಲ ತುಂಬಿಸುವಷ್ಟರಲ್ಲಿ ಖಾಲಿ.

"ಹಾಗಾದರೆ ಟ್ಯಾಬ್ಲೆಟ್ ತಗೊಂಡು ಕೀಬೋರ್ಡ್ ಅಂಟಿಸಿಕೊಳ್ಳಿ" ಎಂದು ಸಲಹೆ ಕೊಡುವವರು ಯಾವತ್ತೂ ತೊಡೆಯ ಮೇಲೆ ಅದನ್ನಿಟ್ಟು ಹಂಪ್ ದಾಟಿದವರಲ್ಲ. ಹಿಂದೆ ಊರುಗೋಲು ಚಾಚಿ ನಿಲ್ಲುವ ಪರದೆಗೆ ಚಪ್ಪಟೆ ಮೇಜು ಬೇಕು. ಕೀಲು ಇರುವ ಲ್ಯಾಪ್‌ಟಾಪಿಗೆ ತೊಡೆ ಸಾಕು.

ಚಿಕ್ಕದು ಎಂದರೆ ನಿಧಾನ ಎಂಬ ನಂಬಿಕೆ ಹದಿನೈದು ವರ್ಷ ಹಿಂದಿನ ನೆಟ್‌ಬುಕ್ಕುಗಳು, ಅಂದರೆ ಆಗಿನ ಪುಟ್ಟ ಅಗ್ಗದ ಲ್ಯಾಪ್‌ಟಾಪುಗಳು, ಬಿಟ್ಟುಹೋದ ಕಹಿ. ಅವು ನಿಧಾನವಾಗಿದ್ದದ್ದು ಅಗ್ಗವಾಗಿದ್ದುದರಿಂದ, ಚಿಕ್ಕದಾಗಿದ್ದುದರಿಂದಲ್ಲ. ಚಿಕ್ಕ ಮೈಯೊಳಗಿನ ಬಿಸಿ ಹೊರಹೋಗುವ ತೊಡಕೂ ಈಗ ಕಡಿಮೆಯಾಗಿದೆ. 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಆದರೂ ಅದು ಯಾರಿಗೂ ನಿಧಾನ ಅನಿಸಲಿಲ್ಲ. ಬರಹಕ್ಕೆ, ಮೇಲ್‌ಗೆ, ಫೋಟೊ ಕತ್ತರಿಸುವುದಕ್ಕೆ ಬೇಕಾದ ಶಕ್ತಿ ಈಗ ಅಂಗೈಯಗಲ ಜಾಗದಲ್ಲಿ ಹಿಡಿಸುತ್ತದೆ.

ಮನೆಯಲ್ಲಿ? ಮನೆಯಲ್ಲಿ ನನಗೊಂದು 24 ಇಂಚಿನ ಮಾನಿಟರ್ ಇದೆ, ಹಳೆಯದು, ಅಣ್ಣ ಕೊಟ್ಟದ್ದು. ದೀರ್ಘ ಲೇಖನವನ್ನು ಕೊನೆಯ ಸಲ ನೋಡುವುದು ಅದರಲ್ಲೇ. ನಮ್ಮ ಕರಡು ತಿದ್ದುವ ಸರ್ ಇದನ್ನೇ ಹಿಡಿದುಕೊಳ್ಳುತ್ತಾರೆಂದು ಗೊತ್ತು. ಹಿಡಿದುಕೊಳ್ಳಲಿ. ಮನೆಯ ಕೆಲಸಕ್ಕೆ ಮನೆಯ ಪರದೆ, ದಾರಿಯ ಕೆಲಸಕ್ಕೆ ದಾರಿಯ ಪರದೆ. 14 ಇಂಚು ಎರಡಕ್ಕೂ ಅರ್ಧಂಬರ್ಧ.

ವಿರೋಧ: ಕನ್ನಡದ ಸಾಲು ಎತ್ತರದ್ದು

ಇವರು ಬಸ್ಸಿನಲ್ಲಿ ಬರೆದದ್ದು ಯಾವುದು, ಮೇಜಿನ ಮೇಲೆ ಬರೆದದ್ದು ಯಾವುದು ಎಂದು ಇವರು ಹೇಳದೆಯೇ ನನಗೆ ತಿಳಿಯುತ್ತದೆ. ಬಸ್ಸಿನ ಬರಹದಲ್ಲಿ ಮೊದಲ ಪ್ಯಾರಾದ 'ಗೌಡರು' ಆರನೆಯ ಪ್ಯಾರಾಕ್ಕೆ 'ಗೌಡ' ಆಗಿರುತ್ತಾರೆ. ಮೇಲೆ 'ಹೊಸನಗರ ತಾಲ್ಲೂಕು', ಕೆಳಗೆ 'ತಾಲೂಕು'. ಒಂದೇ ಮಾತು ಎರಡು ಕಡೆ ಬಂದಿರುತ್ತದೆ. ಅಜಾಗರೂಕತೆ ಅಲ್ಲ ಇದು. ಬರೆಯುವಾಗ ಮೇಲಿನ ಪ್ಯಾರಾ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಚಿಕ್ಕ ಪರದೆಯಲ್ಲಿ ಬರೆಯುವವರು ಕೊಳವೆಯೊಳಗಿಂದ ಊರು ನೋಡಿದ ಹಾಗೆ ತಮ್ಮದೇ ಬರಹವನ್ನು ನೋಡುತ್ತಿರುತ್ತಾರೆ.

ಇಂಗ್ಲಿಷ್ ಬರೆಯುವವರಿಗೆ ಈ ತೊಂದರೆ ಇಷ್ಟಿಲ್ಲ. 'ಸ್ವಾತಂತ್ರ್ಯ' ಎಂದು ಟೈಪಿಸಿ ನೋಡಿ. 'ತ'ದ ಕೆಳಗೆ 'ರ'ದ ಒತ್ತು, ಅದರ ಜೊತೆ 'ಯ'ದ ಒತ್ತು. 'ರಾಷ್ಟ್ರೀಯ' ಎಂದರೆ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದಬಾರದೆಂದರೆ ಸಾಲುಗಳ ನಡುವೆ ಜಾಗ ಬಿಡಲೇಬೇಕು. ಹಾಗಾಗಿ ಕನ್ನಡದ ಫಾಂಟುಗಳಲ್ಲಿ ಸಾಲಿನ ಎತ್ತರವೇ ಹೆಚ್ಚು. ವಿಂಡೋಸ್‌ನಲ್ಲಿ ಹಿಂದೆ ಇದ್ದ ತುಂಗಾ ಫಾಂಟಿನಲ್ಲಿ ಪತ್ರ ಬರೆದವರಿಗೆ ನೆನಪಿರಬೇಕು, ನಡುವೆ ಒಂದು ಇಂಗ್ಲಿಷ್ ಸಾಲು ಸೇರಿಸಿದರೆ ಎರಡರ ಅಂತರ ಎದ್ದು ಕಾಣುತ್ತಿತ್ತು. ಅದೇ ಪರದೆಯಲ್ಲಿ, ಅದೇ ಗಾತ್ರದಲ್ಲಿ, ಕನ್ನಡಕ್ಕೆ ಸಿಗುವ ಸಾಲು ಕಡಿಮೆ. ಅಕ್ಷರ ಚಿಕ್ಕದು ಮಾಡೋಣವೆಂದರೆ ಒತ್ತು ಹಾಳಾಗುತ್ತದೆ. 'ಥ'ದ ಒತ್ತೋ 'ಧ'ದ ಒತ್ತೋ ಎಂದು ಮೂಗು ತಾಗಿಸಿ ನೋಡಬೇಕಾಗುತ್ತದೆ. ಇಂಗ್ಲಿಷಿನವರು ಬರೆದ ಲ್ಯಾಪ್‌ಟಾಪ್ ವಿಮರ್ಶೆ ಓದಿ 12 ಇಂಚು ಸಾಕೆಂದು ತೀರ್ಮಾನಿಸುವ ಕನ್ನಡದವರು ಎಡವುವುದು ಇಲ್ಲೇ.

ಲೆಕ್ಕವನ್ನೂ ಹೇಳುತ್ತೇನೆ. 11.6 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080 ಚುಕ್ಕಿ. ಚುಕ್ಕಿಗಳು ಬಹಳ ಇಕ್ಕಟ್ಟು, ಹಾಗೇ ಬಿಟ್ಟರೆ ಅಕ್ಷರ ಇರುವೆಯಷ್ಟಾಗುತ್ತದೆ. ನನ್ನ ಕಣ್ಣಿಗೆ ಅದನ್ನು ಶೇ 150ಕ್ಕೆ ಹಿಗ್ಗಿಸದೆ ಆಗದು. ಹಿಗ್ಗಿಸಿದ ಮೇಲೆ ಕೈಗೆ ಸಿಗುವುದು 1280ಕ್ಕೆ 720ರ ಜಾಗ. ಕೆಳಗಿನ ಟಾಸ್ಕ್‌ಬಾರ್, ಮೇಲಿನ ಉಪಕರಣಗಳ ಪಟ್ಟಿ, ಅದರ ಮೇಲೆ ಫೈಲಿನ ಹೆಸರು, ಇವೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಬರಹಕ್ಕೆ ಉಳಿಯುವುದು ಒಂದು ಪಟ್ಟಿ. 14 ಇಂಚಿನ 16:10ರ ಪರದೆಯಲ್ಲಿ 1920ಕ್ಕೆ 1200. ಅಲ್ಲಿ ಶೇ 125 ಸಾಕು, ಸಿಗುವುದು 1536ಕ್ಕೆ 960. ಟಾಸ್ಕ್‌ಬಾರ್, ಉಪಕರಣದ ಪಟ್ಟಿ ಅಷ್ಟೇ ಇರುತ್ತವೆ, ಆದ್ದರಿಂದ ಹೆಚ್ಚಿಗೆ ಸಿಕ್ಕ 240 ಪೂರ್ತಿ ಬರಹಕ್ಕೇ ಬರುತ್ತದೆ. ಮೂರರಲ್ಲಿ ಒಂದು ಪಾಲು ಹೆಚ್ಚು ಎಂದು ಕಾಗದದಲ್ಲಿ ಕಾಣುತ್ತದೆ, ಬಳಸುವಾಗ ಅರ್ಧದಷ್ಟು ಹೆಚ್ಚು ಸಾಲು.

ಇವರು 12.4 ಇಂಚಿನ 3:2ನ್ನು 14 ಇಂಚಿನ 16:9ಕ್ಕೆ ಹೋಲಿಸಿದ್ದಾರೆ. ಸೆಂಟಿಮೀಟರು ಸರಿಯಾಗಿಯೇ ಇದೆ, ಎದುರಾಳಿಯನ್ನು ಆರಿಸಿದ್ದು ಮಾತ್ರ ಜಾಣತನ. ಈಗ ಬರುತ್ತಿರುವ 14 ಇಂಚಿನವುಗಳಲ್ಲಿ ಎಷ್ಟೋ 16:10. ಅವುಗಳ ಪರದೆಯ ಎತ್ತರ 18.8 ಸೆಂ.ಮೀ. ವಿಸ್ತೀರ್ಣ ನೋಡಿದರೆ ಇವರದು 71 ಚದರ ಇಂಚು, 14 ಇಂಚಿನ 16:10ರದ್ದು 88. ಆದರೂ ಆಕಾರದ ವಿಷಯದಲ್ಲಿ ಇವರ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಹಳೆಯ ಥಿಂಕ್‌ಪ್ಯಾಡ್ ಎಕ್ಸ್60, ಎಕ್ಸ್61ಗಳ 12.1 ಇಂಚಿನ 4:3 ಪರದೆಯ ಎತ್ತರ 18.4 ಸೆಂ.ಮೀ. ಇತ್ತು, ಇವತ್ತಿನ 14ಕ್ಕೆ ಹತ್ತಿರ ಹತ್ತಿರ. ಅಂಥ 12 ಇಂಚು ಇವತ್ತು ಯಾರಾದರೂ ಮಾಡಿ ಕೊಟ್ಟರೆ ಈ ಲೇಖನವನ್ನು ನಾನು ಹರಿದು ಹಾಕುತ್ತೇನೆ. ಮಾಡುವುದಿಲ್ಲ.

ಮಾಡದಿರುವುದಕ್ಕೆ ಕಾರಣವೂ ಇದೆ. 2007ರಲ್ಲಿ ಆಸೂಸ್ ಕಂಪನಿ 'ಈ ಪಿಸಿ' (Eee PC) ಎಂಬ ನೆಟ್‌ಬುಕ್ ತಂದಾಗ ಅದರ ಪರದೆ 7 ಇಂಚು, 800ಕ್ಕೆ 480 ಚುಕ್ಕಿ. ಜನ ಮುಗಿಬಿದ್ದು ಕೊಂಡರು. ಮರುವರ್ಷವೇ ಅದೇ ಹೆಸರಿನಲ್ಲಿ 8.9 ಇಂಚು, ಆಮೇಲೆ 10 ಇಂಚು ಬಂತು. ಚಿಕ್ಕದನ್ನು ಮಾರಲು ಹೊರಟವರೇ ವರ್ಷದೊಳಗೆ ಮೂರು ಇಂಚು ಬೆಳೆಸಬೇಕಾಯಿತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ನೋಡುವುದಕ್ಕೆ ಮಾತ್ರ ಚಿಕ್ಕದು ಬೇಕಿದ್ದವರು ಆ ಕಡೆ ಹೋದರು, ಬರೆಯುವುದಕ್ಕೆ ಬೇಕಿದ್ದವರು ದೊಡ್ಡದಕ್ಕೆ ಮರಳಿದರು. 2013ರ ಹೊತ್ತಿಗೆ ನೆಟ್‌ಬುಕ್ ಕಥೆ ಮುಗಿದಿತ್ತು. ಆಪಲ್ ತನ್ನ 11.6 ಇಂಚಿನ ಏರ್ ಅನ್ನು 2016ರಲ್ಲಿ ನಿಲ್ಲಿಸಿತು, ಇವರು ಹೊಗಳಿದ 920 ಗ್ರಾಂನ 12 ಇಂಚನ್ನು 2019ರಲ್ಲಿ. ಕಚೇರಿಗಳಿಗೆ ಮಾರುವ ಲ್ಯಾಪ್‌ಟಾಪುಗಳಲ್ಲೂ ಇದೇ ಆಯಿತು. ಲೆನೊವೊದ ಎಕ್ಸ್280, ಡೆಲ್‌ನ ಲ್ಯಾಟಿಟ್ಯೂಡ್ 7290 ಎರಡೂ 12.5 ಇಂಚಿನವು, ಎರಡೂ 2018ರವು, ಎರಡರ ನಂತರದವೂ 13.3ಕ್ಕೆ ಏರಿದವು. ಪರದೆಯ ಸುತ್ತಲ ಅಂಚು ಸಣ್ಣದಾದದ್ದರಿಂದ ಅದೇ ಚೀಲಕ್ಕೆ ದೊಡ್ಡ ಪರದೆ ಹಿಡಿಸಿತು. ಜಾಗ ಉಳಿದಾಗ ತಯಾರಿಸುವವರು ಲ್ಯಾಪ್‌ಟಾಪನ್ನು ಚಿಕ್ಕದು ಮಾಡಲಿಲ್ಲ, ಪರದೆಯನ್ನು ದೊಡ್ಡದು ಮಾಡಿದರು.

ಉಳಿದಿರುವ ಚಿಕ್ಕವು ಯಾವುವು? ಅಂಗಡಿಯ ಹುಡುಗ ಇವರಿಗೆ ಹೇಳಿದ್ದು ಅಷ್ಟೇನೂ ಸುಳ್ಳಲ್ಲ. ಕಡಿಮೆ ಬೆಲೆಯ 11.6 ಇಂಚಿನವು ಬಹುಪಾಲು ಶಾಲೆಗಳಿಗೆಂದೇ ಮಾಡಿದವು. 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಎರಡೂ ಮದರ್‌ಬೋರ್ಡಿಗೆ ಬೆಸುಗೆ ಹಾಕಿದವು. ವಿಂಡೋಸ್ 11 ನಡೆಯಲು ಕನಿಷ್ಠ ಎಷ್ಟು ಬೇಕೆಂದು ಮೈಕ್ರೊಸಾಫ್ಟ್ ಹೇಳಿದೆಯೋ ಸರಿಯಾಗಿ ಅಷ್ಟೇ. (ಅದೇ ಪಟ್ಟಿಯಲ್ಲಿ ಪರದೆ 9 ಇಂಚಿಗಿಂತ ದೊಡ್ಡದಿರಬೇಕು ಎಂದೂ ಇದೆ. ನೆಟ್‌ಬುಕ್ಕುಗಳ ಸಮಾಧಿಯ ಮೇಲೆ ಕೆತ್ತಿಸಬಹುದಾದ ಸಾಲು.) 12.4 ಇಂಚಿನ ಸರ್ಫೇಸ್ ಲ್ಯಾಪ್‌ಟಾಪ್ ಗೋ 2020ರಲ್ಲಿ ಬಂದಾಗ ಅದರ ಅಗ್ಗದ ಮಾದರಿಯಲ್ಲೂ ಇದ್ದದ್ದು 4 ಜಿಬಿ, 64 ಜಿಬಿಯೇ. ಎರಡು ಅಪ್‌ಡೇಟ್ ಬಂದರೆ ಫೋಟೊ ಇಡಲು ಜಾಗವಿರುವುದಿಲ್ಲ. ಚಿಕ್ಕದರಲ್ಲೂ ಒಳ್ಳೆಯದು ಬೇಕೆಂದರೆ ಹೆಚ್ಚು ತೆರಬೇಕು; ಆ ದುಡ್ಡಿಗೆ 14 ಇಂಚಿನಲ್ಲಿ ಇನ್ನೂ ಒಳ್ಳೆಯದು ಬರುತ್ತದೆ.

ತೂಕದ ಮಾತನ್ನು ಇವರು ಹೆಚ್ಚು ಆಡಿಲ್ಲ. ಜಾಣರು. ಇಂಚಿಗೂ ತೂಕಕ್ಕೂ ಈಗ ನಂಟು ಬಿಟ್ಟುಹೋಗಿದೆ. ಇವರ ಲ್ಯಾಪ್‌ಟಾಪು 1.1 ಕೆ.ಜಿ. ಇದೆ. 14 ಇಂಚಿನ ಎಲ್‌ಜಿ ಗ್ರಾಂ ಒಂದು ಕೆ.ಜಿ.ಯೊಳಗೆ. ಅದು ದುಬಾರಿ, ಒಪ್ಪಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪನಿಗಳು ಬಿಟ್ಟುಕೊಟ್ಟ 14 ಇಂಚಿನ ತೆಳು ಥಿಂಕ್‌ಪ್ಯಾಡುಗಳು ಸಿಗುತ್ತವೆ, 1.3 ಕೆ.ಜಿ. ಆಸುಪಾಸು. ನನ್ನದು ಅಲ್ಲಿಂದಲೇ ತಂದದ್ದು. 200 ಗ್ರಾಂ ವ್ಯತ್ಯಾಸ ಎಂದರೆ ಒಂದು ಟಿಫಿನ್ ಡಬ್ಬಿಯ ಉಪ್ಪಿಟ್ಟು.

ಕೀಬೋರ್ಡಿನ ಬಗ್ಗೆ ಇವರು ಒಂದು ಮಾತೂ ಬರೆದಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಇವರು ಬಳಸುವುದು 'ನುಡಿ' ತಂತ್ರಾಂಶದ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸ. ಇಡೀ ಕನ್ನಡ 26 ಅಕ್ಷರದ ಕೀಲಿಗಳಲ್ಲೇ ಕೂರುತ್ತದೆ, ಎಫ್ ಒತ್ತಿದರೆ ಒತ್ತಕ್ಷರ. ಚಿಕ್ಕ ಲ್ಯಾಪ್‌ಟಾಪಿನವರೂ ಆ 26 ಕೀಲಿಗಳನ್ನು ಪೂರ್ತಿ ಅಳತೆಯಲ್ಲಿ, ಅಂದರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 19 ಮಿ.ಮೀ. ದೂರದಲ್ಲಿ ಇಡಲು ನೋಡುತ್ತಾರೆ. ಕತ್ತರಿ ಬೀಳುವುದು ಬಲ ಅಂಚಿನ ಕೀಲಿಗಳಿಗೆ, ಅಲ್ಪವಿರಾಮ ಆವರಣಗಳ ಮನೆಗಳಿಗೆ. ನಾನು ಇನ್‌ಸ್ಕ್ರಿಪ್ಟಿನವನು, ಅಂದರೆ ಭಾರತೀಯ ಭಾಷೆಗಳಿಗೆಲ್ಲ ಸರ್ಕಾರ ಗೊತ್ತುಮಾಡಿದ ಕೀಲಿಮಣೆಯವನು. ನಮ್ಮಲ್ಲಿ ಈ ಜಾತಿಯವರು ಕಡಿಮೆ, ಆದರೆ ಇದ್ದೇವೆ. ಇನ್‌ಸ್ಕ್ರಿಪ್ಟಿನಲ್ಲಿ 'ಚ' ಇರುವುದು ಅರ್ಧವಿರಾಮದ ಕೀಲಿಯಲ್ಲಿ, 'ಟ' ಉದ್ಧರಣ ಚಿಹ್ನೆಯಲ್ಲಿ, 'ಡ' ಚೌಕ ಆವರಣದಲ್ಲಿ, 'ಯ' ಓರೆಗೆರೆಯಲ್ಲಿ. ಇಂಗ್ಲಿಷಿನವರು ಅಪರೂಪಕ್ಕೆ ಮುಟ್ಟುವ ಆ ಮೂಲೆಯಲ್ಲಿ ನಮಗೆ 'ಮಾಡಿ', 'ಊಟ', 'ಯಾಕೆ' ಎಲ್ಲ ಇವೆ. ಹಳೆಯ ನೆಟ್‌ಬುಕ್ಕುಗಳ ಕೆಲವು ಮಾದರಿಗಳಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನೇ ಮೇಲ್ಮುಖ ಬಾಣದ ಆಚೆಗೆ ತಳ್ಳಿದ್ದರು. 'ಖ' ಬೇಕೆಂದು ಶಿಫ್ಟ್ ಒತ್ತಿದರೆ ಕರ್ಸರ್ ಮೇಲಿನ ಸಾಲಿಗೆ ಹಾರುತ್ತಿತ್ತು. ಹಾಗೆ ಬರೆದ ಒಂದು ಕರಡನ್ನು ತಿದ್ದಿದ್ದೇನೆ. ಪ್ರತಿ ಮಹಾಪ್ರಾಣವೂ ತಪ್ಪು ಮನೆಯಲ್ಲಿ ಕುಳಿತಿತ್ತು.

ಚಿಕ್ಕ ಮೈಗೆ ದೊಡ್ಡ ಕೀಲಿಮಣೆ ಬೇಕೆಂಬ ಆಸೆ ಹೊಸದಲ್ಲ. 1995ರಲ್ಲಿ ಐಬಿಎಂ ಥಿಂಕ್‌ಪ್ಯಾಡ್ 701 ಎಂಬುದನ್ನು ತಂದಿತ್ತು. 10.4 ಇಂಚಿನ ಪರದೆ. ಮುಚ್ಚಳ ಎತ್ತಿದರೆ ಎರಡು ತುಂಡಾಗಿದ್ದ ಕೀಲಿಮಣೆ ಚಿಟ್ಟೆಯ ರೆಕ್ಕೆಯ ಹಾಗೆ ಹರಡಿ ಮೈಯ ಅಗಲವನ್ನೂ ಮೀರಿ ಹೊರಚಾಚುತ್ತಿತ್ತು. ಅಷ್ಟು ಚಂದದ ಯಂತ್ರ ಮತ್ತೆ ನೋಡಿಲ್ಲ ನಾನು, ಚಿತ್ರದಲ್ಲೇ ನೋಡಿದ್ದಾದರೂ. ಪರದೆಗಳು ಒಂದೆರಡು ಇಂಚು ಬೆಳೆದದ್ದೇ ತಡ ಆ ಸರ್ಕಸ್ ಯಾರಿಗೂ ಬೇಡವಾಯಿತು.

ಬಸ್ಸಿನ ಸೀಟಿನ ವಿಷಯಕ್ಕೆ ನನ್ನ ಬಳಿ ಉತ್ತರವಿಲ್ಲ. ಮುಂದಿನವರು ಒರಗಿದರೆ 14 ಇಂಚು ಬಿಚ್ಚುವುದಿಲ್ಲ, ನಿಜ. ಆದರೆ ವಾರದ 168 ಗಂಟೆಯಲ್ಲಿ ಇವರು ಆ ಸೀಟಿನಲ್ಲಿರುವುದು ಹದಿನಾರು ಗಂಟೆ ಎಂದುಕೊಳ್ಳೋಣ, ಅದರಲ್ಲಿ ಬರೆಯುವುದು ನಾಲ್ಕು. ಉಳಿದ ಬರಹವೆಲ್ಲ ಲಾಡ್ಜಿನ ಮಂಚದ ಮೇಲೆ, ಪ್ರೆಸ್ ಕ್ಲಬ್ಬಿನ ಮೇಜಿನಲ್ಲಿ, ಮನೆಯ ಅಡುಗೆಮನೆ ಕಟ್ಟೆಯ ಮೇಲೆ. ನಾಲ್ಕು ಗಂಟೆಯ ಅನುಕೂಲಕ್ಕೆ ಉಳಿದ ಗಂಟೆಗಳೆಲ್ಲ ಕತ್ತು ಬಗ್ಗಿಸಬೇಕು. ಲ್ಯಾಪ್‌ಟಾಪಿನ ಪರದೆ ಕೀಲಿಮಣೆಗೆ ಅಂಟಿಕೊಂಡೇ ಇರುವುದರಿಂದ ಚಿಕ್ಕದಾದಷ್ಟೂ ಅದು ತಗ್ಗಿನಲ್ಲಿರುತ್ತದೆ, ಅಕ್ಷರ ಚಿಕ್ಕದಾದಷ್ಟೂ ಮುಖ ಹತ್ತಿರ ಹೋಗುತ್ತದೆ. ಮೂವತ್ತರಲ್ಲಿ ಇದು ಗೊತ್ತಾಗುವುದಿಲ್ಲ. ನನಗೆ ಈಗ ಪ್ರೊಗ್ರೆಸಿವ್ ಕನ್ನಡಕ. ಹತ್ತಿರದ್ದನ್ನು ಓದಲು ಗಾಜಿನ ಕೆಳ ಅಂಚಿನಿಂದ ನೋಡಬೇಕು, ಅದಕ್ಕೆ ಗದ್ದ ಮೇಲೆತ್ತಬೇಕು. ಪರದೆ ಕೆಳಗಿದೆ, ಗದ್ದ ಮೇಲಿದೆ. ಆ ಭಂಗಿಗೆ ಯೋಗದಲ್ಲೂ ಹೆಸರಿರಲಿಕ್ಕಿಲ್ಲ.

ಭಾಗವತರ ಗೋಡೆಯ ಮಾತಂತೂ ನನಗೆ ಬಹಳ ಹಿಡಿಸಿತು. ಆದರೆ ಅಲ್ಲಿ ಬೇಕಾದದ್ದು 12 ಇಂಚಿನ ಗೋಡೆಯಲ್ಲ, 40 ರೂಪಾಯಿಯ ನೋಟ್‌ಬುಕ್ಕು.

ಹೋದ ತಿಂಗಳು ಇವರು ನಮ್ಮ ಮನೆಗೆ ಬಂದಿದ್ದರು, ಉದ್ದದ ಲೇಖನವೊಂದನ್ನು ಕುಳಿತು ಒಟ್ಟಿಗೆ ತಿದ್ದೋಣ ಎಂದು. ನನ್ನ ಹೆಂಡತಿ ಕಾಫಿಗೆ ಇಟ್ಟಳು. ಇವರು ಆ ಪುಟ್ಟ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಎರಡು ಪ್ಯಾರಾ ಓದುವಷ್ಟರಲ್ಲಿ ಸುತ್ತ ನೋಡಿ, "ಸರ್, ನಿಮ್ಮ ಮಾನಿಟರಿಗೆ ಹಾಕ್ಕೊಳ್ಳೋಣ್ವಾ?" ಎಂದರು. ಹಾಕಿಕೊಳ್ಳಿ ಎಂದೆ. ಅದರಲ್ಲಿ ಎಚ್‌ಡಿಎಂಐ ಕಿಂಡಿಯೇ ಇಲ್ಲ, ಸಿ ಟೈಪಿನಿಂದ ಎಚ್‌ಡಿಎಂಐಗೆ ಹೋಗುವ ಕೊಂಡಿ ಬೇಕಂತೆ. ಅದನ್ನು ಅವರು ಹುಬ್ಬಳ್ಳಿಯಲ್ಲಿ ಬಿಟ್ಟು ಬಂದಿದ್ದರು. ಫೈಲನ್ನು ನನ್ನದಕ್ಕೆ ಕಳಿಸಿಕೊಂಡು ಇಬ್ಬರೂ ಅದರ ಮುಂದೆ ಕುಳಿತೆವು.